ಮೊದಲ ಮನೆ, ಮೂರು ಲೀಸ್‌ಹೋಲ್ಡ್ ಫ್ಲ್ಯಾಟ್: ಕ್ರಾಯ್ಡನ್ ಸುತ್ತಮುತ್ತ ಯಾವುದು ಸರಿ?

ಮಳೆಬಿಲ್ಲು

ಎಲ್ರಿಗೂ ನಮಸ್ಕಾರ. ಲಂಡನ್ನಿನ ಕ್ರಾಯ್ಡನ್ ಸುತ್ತಮುತ್ತ ಮೂರು ಫ್ಲ್ಯಾಟ್ ಉಳಿಸ್ಕೊಂಡಿದ್ದೀವಿ. ಎಲ್ಲಾ ಎರಡು ಬೆಡ್‌ರೂಮ್, ಎಲ್ಲಾ 3 ಲಕ್ಷ ಪೌಂಡ್ ಆಸುಪಾಸು. ಬೆಲೆಯಲ್ಲಿ ಹೆಚ್ಚು ಫರಕಿಲ್ಲ, ಆದ್ರೆ ಲೀಸ್ (ಎಷ್ಟು ವರ್ಷ ಫ್ಲ್ಯಾಟ್ ನಮ್ಮದು ಅನ್ನೋ ಕರಾರು, ಕಟ್ಟಡ-ನೆಲದ ಒಡೆಯ ಫ್ರೀಹೋಲ್ಡರ್) ಮಾತ್ರ ಒಂದಕ್ಕೊಂದು ಸಂಬಂಧವೇ ಇಲ್ಲ.

ಒಂದನೇದು: ಹಳೇ ಕೌನ್ಸಿಲ್ (ಸ್ಥಳೀಯ ಆಡಳಿತದ) ಬ್ಲಾಕ್, 1960ರ ದಶಕದ್ದು, 4 ಮಹಡಿ. 1984ರಿಂದ 125 ವರ್ಷದ ಲೀಸ್, ಅಂದ್ರೆ ಉಳಿದಿರೋದು 83. ಗ್ರೌಂಡ್ ರೆಂಟ್ (ಫ್ರೀಹೋಲ್ಡರ್ಗೆ ಕೊಡೋ ನೆಲದ ಬಾಡಿಗೆ) ವರ್ಷಕ್ಕೆ 10 ಪೌಂಡ್. ಸರ್ವಿಸ್ ಚಾರ್ಜ್ (ಕಟ್ಟಡದ ನಿರ್ವಹಣೆ ಖರ್ಚಿನ ಪಾಲು) ವರ್ಷಕ್ಕೆ 1,450.

ಎರಡನೇದು: 2017ರ ಟವರ್, 9 ಮಹಡಿ, ಲಿಫ್ಟ್, ಜಿಮ್. 2017ರಿಂದ 125 ವರ್ಷ. ಗ್ರೌಂಡ್ ರೆಂಟ್ 350, ಹತ್ತು ವರ್ಷಕ್ಕೊಮ್ಮೆ "ರಿವ್ಯೂ" ಅಂತ ಜಾಹೀರಾತಿನಲ್ಲಿದೆ. ಸರ್ವಿಸ್ ಚಾರ್ಜ್ 3,900.

ಮೂರನೇದು: ವಿಕ್ಟೋರಿಯನ್ ಮನೆ, ಮೂರು ಫ್ಲ್ಯಾಟ್ ಮಾಡಿದ್ದಾರೆ. ಶೇರ್ ಆಫ್ ಫ್ರೀಹೋಲ್ಡ್, ಅಂದ್ರೆ ಕಟ್ಟಡ-ನೆಲದ ಒಡೆತನದಲ್ಲೂ ಪಾಲು. ಲೀಸ್ 1990ರಿಂದ 99 ವರ್ಷ. ಸರ್ವಿಸ್ ಚಾರ್ಜ್ ಅಂತ ಇಲ್ಲ, ಖರ್ಚು ಬಂದಾಗ ಹಂಚಿಕೊಳ್ತಾರಂತೆ. ಶೇರ್ ಆಫ್ ಫ್ರೀಹೋಲ್ಡ್ ಇದ್ಮೇಲೆ ಲೀಸ್ ಎಷ್ಟಿದ್ರೇನು ಅಂತಾರೆ ಏಜೆಂಟ್.

ನಮಗೆ ಎರಡನೇದೇ ಇಷ್ಟ. ತಿಳಿದವರು ಹೇಳಿ.

ಬಯಲುಸೀಮೆ

ಮೂರನೇದ್ರ ಲೆಕ್ಕ ಮೊದಲ ಮಾಡ್ರಿ. 1990ಕ್ಕ 99 ಕೂಡಿಸಿದ್ರ 2089. ಉಳದದ್ದು ಬರೇ 63 ವರ್ಷ. ಏಜೆಂಟ್ ಏನರ ಹೇಳ್ಲಿ, ಬ್ಯಾಂಕ್ ಸಾಲ ಕೊಡೋದು ಲೀಸ್ ಮ್ಯಾಲ, ಶೇರ್ ಮ್ಯಾಲ ಅಲ್ಲ. ಭಾಳ ಬ್ಯಾಂಕ್‌ಗೋಳು ಅರ್ಜಿ ಹಾಕೋ ಹೊತ್ತಿಗೆ 70ರಿಂದ 85 ವರ್ಷ ಉಳದಿರಬೇಕು ಅಂತಾವ. ಇನ್ನ ಕೆಲವು ಸಾಲದ ಅವಧಿ ಮುಗದ ಮ್ಯಾಲೂ 30-40 ವರ್ಷ ಇರಬೇಕು ಅಂತಾವ. 63ಕ್ಕ ಒಪ್ಪೋರು ಕಡಿಮಿ.

ಬ್ಯಾಂಕ್ ಸಂಘ ಯುಕೆ ಫೈನಾನ್ಸ್ ಅವರ ಮಾರ್ಟ್‌ಗೇಜ್ ಲೆಂಡರ್ಸ್ ಹ್ಯಾಂಡ್‌ಬುಕ್ ಇಂಟರ್ನೆಟ್‌ನ್ಯಾಗ ಪುಕ್ಕಟೆ ಐತಿ. ಎರಡನೇ ಭಾಗದಾಗ ನಿಮ್ಮ ಬ್ಯಾಂಕ್ ಹೆಸರು ಆರಿಸಿದ್ರ ಲೀಸ್ ಎಷ್ಟಿರಬೇಕು, ಗ್ರೌಂಡ್ ರೆಂಟ್ ಎಷ್ಟರ ತನಕ ನಡೀತೈತಿ ಎಲ್ಲಾ ಬರ್ದಿರ್ತಾರ. ಆಫರ್ ಹಾಕೋಕಿಂತ ಮೊದಲ ಅದನ್ನ ಓದ್ರಿ.

ಹೊಸಿಲು

ಮೂರನೆಯದನ್ನು ಅಷ್ಟಕ್ಕೇ ಕೈಬಿಡಬೇಡಿ. ಲೀಸ್ ಕಡಿಮೆ ಇರುವುದು ನಿಜ, ಆದರೆ ಸರಿಪಡಿಸುವುದು ಸುಲಭ. ಫ್ರೀಹೋಲ್ಡ್ ಮೂರು ಫ್ಲ್ಯಾಟ್‌ನವರ ಕೈಯಲ್ಲೇ ಇದ್ದರೆ, ಮೂವರೂ ಒಪ್ಪಿ 999 ವರ್ಷದ ಹೊಸ ಲೀಸ್ ಬರೆದುಕೊಳ್ಳಬಹುದು. ಪ್ರೀಮಿಯಂ (ವಿಸ್ತರಣೆಗೆ ಫ್ರೀಹೋಲ್ಡರ್ಗೆ ಕೊಡುವ ಹಣ) ಬಹುತೇಕ ಇರುವುದಿಲ್ಲ, ವಕೀಲರ ಶುಲ್ಕ ಮತ್ತು ಲ್ಯಾಂಡ್ ರಿಜಿಸ್ಟ್ರಿ ಶುಲ್ಕ ಅಷ್ಟೇ. ಆದರೆ ಅದನ್ನು ಮಾರುವವರೇ ಮಾಡಿಸಿಕೊಡಬೇಕು, ಎಕ್ಸ್‌ಚೇಂಜ್‌ಗೆ (ಎರಡೂ ಕಡೆ ಬದ್ಧವಾಗುವ ಒಪ್ಪಂದ ವಿನಿಮಯಕ್ಕೆ) ಮೊದಲು ಕರಡು ಒಪ್ಪಿಗೆಯಾಗಿರಬೇಕು, ಕಂಪ್ಲೀಷನ್ (ಹಣ ಕೊಟ್ಟು ಮನೆ ವಶಕ್ಕೆ ಪಡೆಯುವ) ದಿನವೇ ಸಹಿಯಾಗಿ ಕೈಗೆ ಬರಬೇಕು. "ತಗೊಂಡ ಮೇಲೆ ಎಲ್ಲರೂ ಸೇರಿ ಮಾಡ್ಕೊಳ್ಳೋಣ" ಎಂಬ ಮಾತನ್ನು ನಂಬಬೇಡಿ. ಒಬ್ಬರು ಸಹಿ ಹಾಕಲು ತಕರಾರು ತೆಗೆದರೂ ಕೆಲಸ ನಿಲ್ಲುತ್ತದೆ.

ಆಮೇಲೆ ಆ ಫ್ರೀಹೋಲ್ಡ್ ಯಾರ ಹೆಸರಿನಲ್ಲಿದೆ ನೋಡಿ. ಲ್ಯಾಂಡ್ ರಿಜಿಸ್ಟ್ರಿಯಲ್ಲಿ ಫ್ರೀಹೋಲ್ಡ್ ಟೈಟಲ್ 7 ಪೌಂಡ್‌ಗೆ ಸಿಗುತ್ತದೆ. ವ್ಯಕ್ತಿಗಳ ಹೆಸರಿನಲ್ಲಿದ್ದರೆ ಹೆಚ್ಚೆಂದರೆ 4 ಜನರ ಹೆಸರು ಇರಬಹುದು, ಪ್ರತಿ ಸಲ ಫ್ಲ್ಯಾಟ್ ಮಾರಾಟವಾದಾಗ ಎಲ್ಲರೂ ವರ್ಗಾವಣೆ ಪತ್ರಕ್ಕೆ ಸಹಿ ಹಾಕಬೇಕು. ಅವರಲ್ಲೊಬ್ಬರು ವಿದೇಶಕ್ಕೆ ಹೋಗಿ ವಿಳಾಸ ಸಿಗದಿದ್ದರೆ ನಿಮ್ಮ ಮಾರಾಟ ತಿಂಗಳುಗಟ್ಟಲೆ ನಿಲ್ಲಬಹುದು. ಕಂಪನಿಯ ಹೆಸರಿನಲ್ಲಿದ್ದರೆ ಕಂಪನೀಸ್ ಹೌಸ್ (ಕಂಪನಿ ನೋಂದಣಿ ಕಚೇರಿ) ತಾಣದಲ್ಲಿ ಉಚಿತವಾಗಿ ನೋಡಬಹುದು: ಪ್ರತಿ ವರ್ಷದ ಲೆಕ್ಕಪತ್ರ ಮತ್ತು ಕನ್‌ಫರ್ಮೇಷನ್ ಸ್ಟೇಟ್‌ಮೆಂಟ್ (ಕಂಪನಿ ವಿವರಗಳ ವಾರ್ಷಿಕ ದೃಢೀಕರಣ) ಸಲ್ಲಿಕೆಯಾಗಿದೆಯೇ, ಡೈರೆಕ್ಟರ್‌ಗಳು ಯಾರು. ಸಲ್ಲಿಸದೆ ಬಿಟ್ಟರೆ ಕಂಪನಿಯನ್ನು ರಿಜಿಸ್ಟರ್‌ನಿಂದ ತೆಗೆದುಹಾಕುತ್ತಾರೆ, ಆಗ ಫ್ರೀಹೋಲ್ಡ್ ರಾಜಪ್ರಭುತ್ವದ ಆಸ್ತಿಯಾಗುತ್ತದೆ. ಕಂಪನಿಯನ್ನು ಮರಳಿ ಸ್ಥಾಪಿಸಲು ಸಾಮಾನ್ಯವಾಗಿ 6 ವರ್ಷದ ಗಡುವು. ಸಣ್ಣ ಮನೆಗಳಲ್ಲಿ ಯಾರೂ ಫಾರ್ಮ್ ಹಾಕದೆ ಹೀಗಾಗುವುದು ಅಪರೂಪವಲ್ಲ.

ಕಡಲಕರೆ

ಅಲ್ಲ ಮಾರಾಯ್ರೆ, "ಖರ್ಚು ಬಂದಾಗ ಹಂಚಿಕೊಳ್ತೇವೆ" ಅಂದ್ರೆ ರಿಸರ್ವ್ ಫಂಡ್ (ದುರಸ್ತಿಗೆ ಮೊದಲೇ ಕೂಡಿಟ್ಟ ದುಡ್ಡು) ಇಲ್ಲ ಅಂತ ಅರ್ಥ. ವಿಕ್ಟೋರಿಯನ್ ಮನೆಗೆ ಸ್ಲೇಟ್ ಮಾಡು, ಚಿಮಣಿ, ಮಳೆನೀರಿನ ಪೈಪು, ಎಲ್ಲ ಒಂದಲ್ಲ ಒಂದು ದಿನ ಕೈಗೆ ಬರ್ತದೆ. ಮೂರರಲ್ಲಿ ಒಂದು ಪಾಲು ನಿಮ್ಮದು. ಉಳಿದ ಇಬ್ಬರ ಹತ್ರ ದುಡ್ಡಿಲ್ಲದಿದ್ರೆ ಮಾಡು ಸೋರ್ತಾ ಇರ್ತದೆ ಅಷ್ಟೇ. ಇದಕ್ಕೆ ಲೆವೆಲ್ 3 ಸರ್ವೇ (ಕಟ್ಟಡದ ವಿವರವಾದ ತಪಾಸಣೆ) ಮಾಡಿಸಿ, ಲೆವೆಲ್ 2 ಸಾಲದು. ಬರೀ ನಿಮ್ಮ ಫ್ಲ್ಯಾಟ್ ಅಲ್ಲ, ಮಾಡು, ಹೊರಗಿನ ಗೋಡೆ, ಅಡಿಪಾಯದ ಬಿರುಕು ಎಲ್ಲ ನೋಡ್ಲಿಕ್ಕೆ ಹೇಳಿ.

ಮತ್ತೆ ಕಟ್ಟಡದ ವಿಮೆ ಒಂದೇ ಪಾಲಿಸಿ ಉಂಟಾ ಕೇಳಿ. ಮೂವರು ಮೂರು ಕಂಪನಿಯಲ್ಲಿ ಬೇರೆ ಬೇರೆ ಮಾಡಿಸಿಕೊಂಡಿದ್ರೆ ಮಾಡಿಗೆ ಯಾರ ಪಾಲಿಸಿ ಅಂತ ಕ್ಲೇಮ್ ದಿನ ಜಗಳ.

ಮುಂಗಾರು

ಇಷ್ಟೆಲ್ಲ ತಲೆನೋವು ಬೇಡ ಅಂದ್ರೆ ಎರಡನೇದು ತಗೊಳ್ಳಿ. ಲೀಸ್ 116 ವರ್ಷ ಇದೆ, ಹೊಸ ಕಟ್ಟಡ, ಮ್ಯಾನೇಜಿಂಗ್ ಏಜೆಂಟ್ ಇದ್ದಾರೆ. ಗ್ರೌಂಡ್ ರೆಂಟ್ ಹೇಗೂ ರದ್ದಾಗ್ತಿದೆ.

ಲೆಕ್ಕದಪುಸ್ತಕ

@ಮುಂಗಾರು ರದ್ದಾಗಿರೋದು ಹೊಸ ಲೀಸ್‌ಗಳಿಗೆ ಮಾತ್ರ. ಗ್ರೌಂಡ್ ರೆಂಟ್ ಕಾಯ್ದೆ 2022 ಜಾರಿಯಾಗಿದ್ದು 2022ರ ಜೂನ್ 30ರಿಂದ, ಅದರ ನಂತರ ಬರೆದ ಲೀಸ್‌ಗಳಿಗೆ ಸೊನ್ನೆ. 2017ರ ಲೀಸ್‌ಗೆ ಅದು ಅನ್ವಯ ಆಗಲ್ಲ.

ಮಳೆಬಿಲ್ಲು ಅವರೇ, "ರಿವ್ಯೂ" ಅಂದ್ರೇನು ಅನ್ನೋದನ್ನ ಲೀಸ್ ತೆರೆದು ಓದಲೇಬೇಕು. ಸಾಮಾನ್ಯವಾಗಿ ಹಿಂಬದಿಯ ಶೆಡ್ಯೂಲ್‌ನಲ್ಲಿ ಇರುತ್ತೆ. ಆರ್‌ಪಿಐ (ಹಣದುಬ್ಬರದ ಸೂಚ್ಯಂಕ) ಪ್ರಕಾರ ಏರೋದಾದ್ರೆ ಒಂದು ಕಥೆ, ದುಪ್ಪಟ್ಟಾಗೋದಾದ್ರೆ ಹೀಗೆ:

2017–2027: 350
2027–2037: 700
2037–2047: 1,400
2047–2057: 2,800
2057ರಿಂದ: 5,600

30 ವರ್ಷದ ಸಾಲ ತೀರೋ ಹೊತ್ತಿಗೆ ವರ್ಷಕ್ಕೆ 2,800 ಆಗಿರುತ್ತೆ, ಪ್ರತಿಯಾಗಿ ಏನೂ ಸಿಗಲ್ಲ. ಸರ್ವಿಸ್ ಚಾರ್ಜ್‌ಗಾದ್ರೂ ಲಿಫ್ಟ್, ದೀಪ, ಸ್ವಚ್ಛತೆ ಇದೆ. ಗ್ರೌಂಡ್ ರೆಂಟ್ ಬರೀ ನೆಲದ ಬಾಡಿಗೆ.

ಈಗಲೇ ತೊಂದರೆ ಇನ್ನೊಂದಿದೆ. ಕೆಲವು ಬ್ಯಾಂಕ್‌ಗಳು ಗ್ರೌಂಡ್ ರೆಂಟ್ ಮನೆ ಬೆಲೆಯ 0.1% ಮೀರಬಾರದು ಅಂತ ಹೇಳುತ್ತವೆ. 3 ಲಕ್ಷಕ್ಕೆ ಅದು 300 ಪೌಂಡ್. ನಿಮ್ಮದು 350. ಮುಂದಿನ ವರ್ಷ 700 ಆದ್ರೆ ನೀವು ಮಾರೋವಾಗ ನಿಮ್ಮಿಂದ ಕೊಳ್ಳೋರಿಗೆ ಸಾಲ ಹುಟ್ಟೋದು ಕಷ್ಟ.

ಮುಂಗಾರು

2026ರ ಜನವರಿಯಲ್ಲಿ ಬಂದ ಕರಡು ಮಸೂದೆಯಲ್ಲಿ ಹಳೇ ಲೀಸ್‌ಗಳಿಗೂ ವರ್ಷಕ್ಕೆ 250 ಪೌಂಡ್ ಮಿತಿ ಅಂತ ಇದೆಯಲ್ಲ. ಅದನ್ನ ಯಾಕೆ ಹೇಳಲ್ಲ?

ಹೊಸಿಲು

ಕರಡು ಮಸೂದೆ ಕರಡೇ. 2024ರ ಲೀಸ್‌ಹೋಲ್ಡ್ ಸುಧಾರಣಾ ಕಾಯ್ದೆಯನ್ನೇ ನೋಡಿ, ರಾಜಮುದ್ರೆ ಬಿದ್ದದ್ದು 2024ರ ಮೇ 24ಕ್ಕೆ. 990 ವರ್ಷದ ವಿಸ್ತರಣೆ, ಮ್ಯಾರೇಜ್ ವ್ಯಾಲ್ಯೂ (80 ವರ್ಷಕ್ಕಿಂತ ಕಡಿಮೆ ಉಳಿದ ಲೀಸ್ ವಿಸ್ತರಿಸಿದಾಗ ಏರುವ ಬೆಲೆಯಲ್ಲಿ ಫ್ರೀಹೋಲ್ಡರ್ಗೆ ಕೊಡಬೇಕಾದ ಅರ್ಧ ಪಾಲು) ರದ್ದತಿ ಎಲ್ಲವೂ ಅದರಲ್ಲಿವೆ. ಆದರೆ ಸೆಕ್ಷನ್‌ಗಳು ಒಂದೊಂದಾಗಿ ಜಾರಿಗೆ ಬರುತ್ತವೆ, ಈ ಎರಡು ಮುಖ್ಯ ಅಂಶಗಳು ಕಾಯ್ದೆ ಪಾಸಾದ ದಿನವೇ ಜಾರಿಗೆ ಬರಲಿಲ್ಲ. ಕಾನೂನು ಬದಲಾಗುತ್ತದೆಂದು ನಂಬಿ ಕೆಟ್ಟ ಲೀಸ್‌ಗೆ ಪೂರ್ತಿ ಬೆಲೆ ಕೊಡಬಾರದು. ಬದಲಾದರೆ ಅದು ನಿಮಗೆ ಲಾಭ, ಬದಲಾಗದಿದ್ದರೂ ನಷ್ಟ ಆಗದಂತೆ ಇವತ್ತಿನ ಲೀಸ್‌ಗೆ ತಕ್ಕ ಬೆಲೆ ಕಟ್ಟಿ.

ದುಪ್ಪಟ್ಟಾಗುವ ಷರತ್ತಿದ್ದರೆ ದಾರಿ ಎರಡು. ಮಾರುವವರು ಫ್ರೀಹೋಲ್ಡರ್ ಜೊತೆ ಡೀಡ್ ಆಫ್ ವೇರಿಯೇಷನ್ ಮಾಡಿಸಿ ಷರತ್ತನ್ನು ಬದಲಿಸಿಕೊಡಬೇಕು. ಸ್ಪರ್ಧಾ ಪ್ರಾಧಿಕಾರ ಸಿಎಂಎ ತನಿಖೆಯ ನಂತರ ಕೆಲವು ಬಿಲ್ಡರ್‌ಗಳು, ಫ್ರೀಹೋಲ್ಡರ್‌ಗಳು ದುಪ್ಪಟ್ಟು ಷರತ್ತು ತೆಗೆಯಲು ಒಪ್ಪಿದ್ದಾರೆ, ಈ ಕಟ್ಟಡ ಆ ಪೈಕಿಯೇ ಎಂದು ವಕೀಲರಿಂದ ಕೇಳಿಸಿ. ಇನ್ನೊಂದು ದಾರಿ 1993ರ ಕಾಯ್ದೆಯ ಪ್ರಕಾರ ಲೀಸ್ ವಿಸ್ತರಣೆ: 90 ವರ್ಷ ಸೇರುತ್ತದೆ, ಗ್ರೌಂಡ್ ರೆಂಟ್ ಸೊನ್ನೆಯಾಗುತ್ತದೆ. ಆದರೆ ಕಳೆದುಕೊಳ್ಳುವ ಬಾಡಿಗೆಯ ಇಂದಿನ ಮೌಲ್ಯವನ್ನು ಫ್ರೀಹೋಲ್ಡರ್‌ಗೆ ಕಟ್ಟಬೇಕು. ದುಪ್ಪಟ್ಟಾಗುತ್ತಾ ಹೋಗುವ ಬಾಡಿಗೆಗೆ ಆ ಮೊತ್ತವೇ ಭಾರಿ.

ಬಯಲುಸೀಮೆ

ಲಂಡನ್‌ನ್ಯಾಗ ಗ್ರೌಂಡ್ ರೆಂಟ್ 1,000 ದಾಟಿದ್ರ, ಹೊರಗ 250 ದಾಟಿದ್ರ ಲೀಸ್ ಹೋಗಿ ಅಶೂರ್ಡ್ ಟೆನೆನ್ಸಿ (ಬರೇ ಬಾಡಿಗಿ ಕರಾರು) ಆಗ್ತೈತಿ, ಬಾಡಿಗಿ ಬಾಕಿ ಬಿದ್ರ ಮನಿನ ಹೋಗ್ತೈತಿ. ಅದನ್ನೂ ನೋಡ್ರಿ.

ಹೊಸಿಲು

@ಬಯಲುಸೀಮೆ ಅದು 1988ರ ವಸತಿ ಕಾಯ್ದೆಯಿಂದ ಬಂದ ಸಮಸ್ಯೆ. ಬಾಡಿಗೆದಾರರ ಹಕ್ಕುಗಳ ಕಾಯ್ದೆ 2025 ಈಗ 21 ವರ್ಷ ಮೀರಿದ ಲೀಸ್‌ಗಳನ್ನು ಅದರಿಂದ ಹೊರಗಿಟ್ಟಿದೆ. ಆದರೆ ಬ್ಯಾಂಕ್‌ಗಳ ಕೈಪಿಡಿಯಲ್ಲಿ ಹಳೆಯ ಷರತ್ತು ಉಳಿದಿರಬಹುದು, ಅದಕ್ಕೆ ತಕ್ಕ ವಿಮೆ ಕೇಳಬಹುದು. ಹಾಗಾಗಿ ಕೇಳಿಕೊಳ್ಳುವುದು ಒಳ್ಳೆಯದೇ.

ಚಿಲಕ

9 ಮಹಡಿ, 2017 ಅಂದ ಕೂಡಲೇ ಮೊದಲು ಕೇಳಬೇಕಾದ್ದು ಗ್ರೌಂಡ್ ರೆಂಟ್ ಅಲ್ಲ, ಹೊರಗೋಡೆ. ಗ್ರೆನ್‌ಫೆಲ್ ಟವರ್ (ಲಂಡನ್) ಬೆಂಕಿ ದುರಂತ ಆಗಿದ್ದು 2017ರ ಜೂನ್ 14ಕ್ಕೆ, 72 ಜನ ಸತ್ತರು. ಅದಕ್ಕೆ ಮೊದಲು ವಿನ್ಯಾಸವಾದ ಕಟ್ಟಡಗಳಲ್ಲಿ ಏನೇನು ಅಂಟಿಸಿದ್ದಾರೋ ಬಿಚ್ಚಿ ನೋಡೋವರೆಗೂ ಗೊತ್ತಾಗಲ್ಲ.

ಇಡಬ್ಲ್ಯುಎಸ್1 ಫಾರ್ಮ್ ಕೇಳಿ. ಎ1, ಎ2, ಬಿ1 ಬಂದಿದ್ರೆ ಸಾಲಕ್ಕೆ ಸಾಮಾನ್ಯವಾಗಿ ತೊಂದರೆ ಇಲ್ಲ. ಎ3 ಅಥವಾ ಬಿ2 ಅಂದ್ರೆ ದುರಸ್ತಿ ಬೇಕು. ಫಾರ್ಮ್ 5 ವರ್ಷಕ್ಕೆ ಮಾತ್ರ ಮಾನ್ಯ, ದಿನಾಂಕ ನೋಡಿ. ಫಾರ್ಮ್ ಅಂದ್ರೆ ಕಟ್ಟಡ ಸುರಕ್ಷಿತ ಅನ್ನೋ ಪ್ರಮಾಣಪತ್ರ ಅಲ್ಲ, ಸಾಲ ಕೊಡೋರಿಗಾಗಿ ಹೊರಗೋಡೆಯ ಬಗ್ಗೆ ಒಂದು ಅಭಿಪ್ರಾಯ ಅಷ್ಟೇ. ಒಳಗಿನ ಬೆಂಕಿ ತಡೆ, ಪೈಪು ಹಾದುಹೋಗೋ ಸಂದುಗಳು ಅದರಲ್ಲಿ ಬರಲ್ಲ. ಅದಕ್ಕೆ ಫೈರ್ ರಿಸ್ಕ್ ಅಸೆಸ್‌ಮೆಂಟ್ ಬೇರೆ ಕೇಳಬೇಕು.

ಕನಿಷ್ಠ 18 ಮೀಟರ್ ಎತ್ತರ ಅಥವಾ ಕನಿಷ್ಠ 7 ಮಹಡಿ ಇರೋ ವಸತಿ ಕಟ್ಟಡ ಬಿಲ್ಡಿಂಗ್ ಸೇಫ್ಟಿ ರೆಗ್ಯುಲೇಟರ್ ಬಳಿ ನೋಂದಣಿ ಆಗಿರಬೇಕು. ಅದೂ ಕೇಳಿ.

ದೂರದೂರು

ದುರಸ್ತಿ ಖರ್ಚು ಈಗ ಲೀಸ್‌ಹೋಲ್ಡರ್ ಮೇಲೆ ಹಾಕೋ ಹಾಗಿಲ್ಲ ಅಂತ ಕಾನೂನು ಬಂದಿದೆಯಲ್ವಾ?

ಚಿಲಕ

@ದೂರದೂರು "ಕ್ವಾಲಿಫೈಯಿಂಗ್ ಲೀಸ್" ಆಗಿದ್ರೆ ಮಾತ್ರ. ಬಿಲ್ಡಿಂಗ್ ಸೇಫ್ಟಿ ಕಾಯ್ದೆ 2022, ಕನಿಷ್ಠ 11 ಮೀಟರ್ ಎತ್ತರ ಅಥವಾ ಕನಿಷ್ಠ 5 ಮಹಡಿ ಇರೋ ಕಟ್ಟಡಗಳಿಗೆ. 2022ರ ಫೆಬ್ರವರಿ 14ರಂದು ಆ ಫ್ಲ್ಯಾಟ್‌ನ ಮಾಲೀಕರಿಗೆ ಅದು ಮುಖ್ಯ ವಾಸದ ಮನೆ ಆಗಿರಬೇಕು, ಇಲ್ಲವೇ ಅವರ ಹತ್ರ ಬ್ರಿಟನ್‌ನಲ್ಲಿ ಒಟ್ಟು 3ಕ್ಕಿಂತ ಹೆಚ್ಚು ಮನೆ ಇದ್ದಿರಬಾರದು. ಆಗ ಕ್ಲ್ಯಾಡಿಂಗ್‌ಗೆ (ಹೊರಗೋಡೆಯ ಹೊದಿಕೆಗೆ) ಒಂದು ಪೈಸೆನೂ ಕೇಳೋ ಹಾಗಿಲ್ಲ, ಬೇರೆ ಬೆಂಕಿ ಸುರಕ್ಷತೆ ದೋಷಗಳಿಗೂ ಸಾಮಾನ್ಯ ಬೆಲೆಯ ಫ್ಲ್ಯಾಟ್‌ಗೆ ಲಂಡನ್‌ನಲ್ಲಿ 15,000, ಹೊರಗೆ 10,000 ಮಿತಿ.

ಜನ ಎಡವೋದು ಇಲ್ಲಿ: ಆ ದಿನ ಯಾರಿದ್ದರು ಅನ್ನೋದೇ ಮುಖ್ಯ. ಆ ದಿನ ಹತ್ತು ಮನೆ ಇಟ್ಟುಕೊಂಡಿದ್ದ ಹೂಡಿಕೆದಾರ ಮಾಲೀಕನಾಗಿದ್ದು, ತಾನು ಅಲ್ಲಿ ವಾಸವಿಲ್ಲದಿದ್ರೆ, ಆ ಲೀಸ್‌ಗೆ ರಕ್ಷಣೆ ಇಲ್ಲ. ಅದನ್ನ ಇವತ್ತು ನೀವು ನಿಮ್ಮ ಮೊದಲ ಮನೆ ಅಂತ ಕೊಂಡ್ರೂ ಇಲ್ಲ. ಆ ಸ್ಥಿತಿ ಲೀಸ್ ಜೊತೆಗೇ ಬರುತ್ತೆ. ಹಾಗಾಗಿ ಮಾರುವವರಿಂದ ಲೀಸ್‌ಹೋಲ್ಡರ್ ಡೀಡ್ ಆಫ್ ಸರ್ಟಿಫಿಕೇಟ್, ಫ್ರೀಹೋಲ್ಡರ್‌ನಿಂದ ಲ್ಯಾಂಡ್‌ಲಾರ್ಡ್ಸ್ ಸರ್ಟಿಫಿಕೇಟ್, ಎರಡನ್ನೂ ಕೇಳಿ. ಎರಡು ಕೈಗೆ ಬರೋವರೆಗೂ ಎಕ್ಸ್‌ಚೇಂಜ್ ಬೇಡ.

ಗುಬ್ಬಿಗೂಡು

ಜಿಮ್ ಇದ್ರೆ ಸರ್ವಿಸ್ ಚಾರ್ಜ್ ಇನ್ನೂ ಏರುತ್ತೆ ನೋಡ್ತಾ ಇರಿ.

ಕಡಲಕರೆ

ಜಿಮ್ ಒಂದೇ ಅಲ್ಲ. ಇಂಥ ಟವರ್‌ಗಳಲ್ಲಿ ಹೀಟ್ ನೆಟ್‌ವರ್ಕ್ ಇರ್ತದೆ, ಅಂದ್ರೆ ನೆಲಮಾಳಿಗೆಯಲ್ಲಿ ಒಂದೇ ಬಾಯ್ಲರ್, ಎಲ್ಲರಿಗೂ ಅಲ್ಲಿಂದಲೇ ಬಿಸಿನೀರು. ಕಂಪನಿ ಬದಲಿಸ್ಲಿಕ್ಕೆ ಆಗುದಿಲ್ಲ. ಗ್ಯಾಸ್, ಕರೆಂಟಿಗೆ ಇರುವ ಆಫ್‌ಜೆಮ್ (ಇಂಧನ ನಿಯಂತ್ರಕ) ಬೆಲೆ ಮಿತಿ ಇದಕ್ಕೆ ಇಲ್ಲ. ದಿನದ ಸ್ಟ್ಯಾಂಡಿಂಗ್ ಚಾರ್ಜ್ ಎಷ್ಟು, ಯೂನಿಟ್‌ಗೆ ಎಷ್ಟು, ಬಿಲ್ ಸರ್ವಿಸ್ ಚಾರ್ಜ್ ಒಳಗೆ ಬರ್ತದಾ ಹೊರಗಾ, ಮಾರುವವರ ಕಳೆದ 12 ತಿಂಗಳ ಬಿಲ್ ತೋರಿಸ್ಲಿಕ್ಕೆ ಹೇಳಿ. ಒಂದು ಚಳಿಗಾಲ ಅದರಲ್ಲಿ ಇರ್ಲೇಬೇಕು ಆಯ್ತಾ.

ಮಳೆಬಿಲ್ಲು

ತುಂಬಾ ಧನ್ಯವಾದ. ಎರಡನೇದರ ಲೀಸ್ ಪ್ರತಿ ಸಿಕ್ತು. ದುಪ್ಪಟ್ಟೇ ಅಂತ ಬರೆದಿದೆ, ಆರ್‌ಪಿಐ ಅಲ್ಲ. ಹಾಗಾದ್ರೆ ಒಂದನೇದು? 83 ವರ್ಷ ಅಂದ್ರೆ 80ರ ಗಡಿ ಹತ್ರ ಅಂತ ಭಯ. ಕೊಂಡು ಎರಡು ವರ್ಷ ಆಗೋವರೆಗೆ ವಿಸ್ತರಿಸೋ ಹಾಗಿಲ್ಲ ಅಂತಾನೂ ಕೇಳಿದ್ದೆ.

ಹೊಸಿಲು

ಎರಡು ವರ್ಷದ ನಿಯಮ 2025ರ ಜನವರಿ 31ರಂದು ಹೋಯಿತು. ಲ್ಯಾಂಡ್ ರಿಜಿಸ್ಟ್ರಿಯಲ್ಲಿ ನಿಮ್ಮ ಹೆಸರು ನೋಂದಣಿಯಾದ ತಕ್ಷಣ ಲೀಸ್ ವಿಸ್ತರಣೆ ಕೇಳುವ ಸೆಕ್ಷನ್ 42 ನೋಟಿಸ್ ಕೊಡಬಹುದು. ಮೌಲ್ಯ ಲೆಕ್ಕವಾಗುವುದು ನೋಟಿಸ್ ಕೊಟ್ಟ ದಿನದ ಸ್ಥಿತಿಗೆ, ಆದ್ದರಿಂದ ಮಾತುಕತೆ ಎಳೆದಾಡಿದರೂ 80ರ ಗಡಿ ದಾಟುವ ಭಯ ಇಲ್ಲ.

ಲೆಕ್ಕದಪುಸ್ತಕ

80ರ ಗಡಿ ಯಾಕೆ ಮುಖ್ಯ ಅನ್ನೋದನ್ನ ಅಂಕಿಯಲ್ಲಿ ಹೇಳ್ತೀನಿ, ಇದನ್ನ ಬಹಳ ಜನ ಅಂದಾಜಿನಲ್ಲೇ ಮಾತಾಡ್ತಾರೆ.

ವಿಸ್ತರಿಸಿದ ಮೇಲೆ ಫ್ಲ್ಯಾಟ್ ಬೆಲೆ 3,00,000 ಅಂತಿಟ್ಟುಕೊಳ್ಳಿ. 83 ವರ್ಷದ ನಂತರ ಫ್ರೀಹೋಲ್ಡರ್‌ಗೆ ಸಿಗಬೇಕಿದ್ದ ಫ್ಲ್ಯಾಟ್‌ನ ಇವತ್ತಿನ ಬೆಲೆ, ಫ್ಲ್ಯಾಟ್‌ಗಳಿಗೆ ರೂಢಿಯಲ್ಲಿರೋ 5% ದರದಲ್ಲಿ, ಸುಮಾರು 5,230. ಗ್ರೌಂಡ್ ರೆಂಟ್ 10 ಪೌಂಡ್ ಆದ್ದರಿಂದ ಅದರ ಮೌಲ್ಯ ನೂರೈವತ್ತರೊಳಗೆ. ಒಟ್ಟು ಪ್ರೀಮಿಯಂ 5,400 ಆಸುಪಾಸು.

ಅದೇ 79 ವರ್ಷ ಉಳಿದಾಗ: ಮೊದಲ ಭಾಗ ಸುಮಾರು 6,350, ಗ್ರೌಂಡ್ ರೆಂಟ್ ಸೇರಿ 6,500. ಈಗ ಮ್ಯಾರೇಜ್ ವ್ಯಾಲ್ಯೂ ಬರುತ್ತೆ. ವಿಸ್ತರಿಸದ ಫ್ಲ್ಯಾಟ್‌ನ ಬೆಲೆ ಪೂರ್ತಿ ಬೆಲೆಯ 93%, ಅಂದ್ರೆ 2,79,000 ಅಂತಾದ್ರೆ ವ್ಯತ್ಯಾಸ 21,000. ಅದರಲ್ಲಿ 6,500 ಕಳೆದ್ರೆ 14,500. ಅದರರ್ಧ 7,250 ಫ್ರೀಹೋಲ್ಡರ್‌ಗೆ. ಒಟ್ಟು 13,750. ನಾಲ್ಕು ವರ್ಷ ಸುಮ್ಮನಿದ್ದಿದ್ದಕ್ಕೆ ಎರಡೂವರೆ ಪಟ್ಟು.

ಇದರ ಮೇಲೆ ನಿಮ್ಮ ವಕೀಲರು, ನಿಮ್ಮ ಮೌಲ್ಯಮಾಪಕರು, ಜೊತೆಗೆ ಫ್ರೀಹೋಲ್ಡರ್‌ನ ವಕೀಲ ಮತ್ತು ಮೌಲ್ಯಮಾಪಕರ ಸಮಂಜಸ ಖರ್ಚು. 2024ರ ಕಾಯ್ದೆಯ ಆ ಭಾಗ ಜಾರಿಯಾಗೋವರೆಗೆ ಅದನ್ನೂ ನೀವೇ ಕೊಡಬೇಕು. 93% ನನ್ನ ಉದಾಹರಣೆ ಅಷ್ಟೇ, ನಿಜವಾದ ಅಂಕಿ ಸರ್ವೇಯರ್ ಹೇಳಬೇಕು. ಲೀಸ್‌ಹೋಲ್ಡ್ ಅಡ್ವೈಸರಿ ಸರ್ವಿಸ್ ತಾಣದಲ್ಲಿ ಉಚಿತ ಕ್ಯಾಲ್ಕುಲೇಟರ್ ಇದೆ, ಒಂದು ಅಂದಾಜಿಗೆ ಸಾಕು.

ಅಂದ್ರೆ 83 ವರ್ಷ ಭಯ ಪಡೋ ಸಂಖ್ಯೆ ಅಲ್ಲ. ಆಫರ್‌ನಲ್ಲಿ ಆ ಖರ್ಚಿನಷ್ಟು ಇಳಿಸಿ ಕೇಳೋ ಸಂಖ್ಯೆ.

ಹೊಸಿಲು

ಗಡುವುಗಳನ್ನು ಸೇರಿಸುತ್ತೇನೆ. ನೋಟಿಸ್‌ಗೆ ಉತ್ತರಿಸಲು ಫ್ರೀಹೋಲ್ಡರ್‌ಗೆ ಕನಿಷ್ಠ 2 ತಿಂಗಳು ಕೊಡಬೇಕು. ಅವರ ಕೌಂಟರ್ ನೋಟಿಸ್ ಬಂದ ಮೇಲೆ ಮೊತ್ತ ಒಪ್ಪಿಗೆಯಾಗದಿದ್ದರೆ 2 ತಿಂಗಳ ನಂತರ, 6 ತಿಂಗಳೊಳಗೆ ಟ್ರಿಬ್ಯೂನಲ್‌ಗೆ ಅರ್ಜಿ ಹಾಕಬೇಕು. ಆ 6 ತಿಂಗಳು ತಪ್ಪಿದರೆ ನೋಟಿಸ್ ಹಿಂಪಡೆದಂತೆ, ಮತ್ತೆ 12 ತಿಂಗಳು ಹೊಸ ನೋಟಿಸ್ ಕೊಡುವಂತಿಲ್ಲ. 80ರ ಅಂಚಿನಲ್ಲಿರುವವರಿಗೆ ಇದು ಬಹಳ ದುಬಾರಿ.

ಫ್ರೀಹೋಲ್ಡರ್ "ನೋಟಿಸ್ ಗೀಟಿಸ್ ಬೇಡ, ನಾವೇ ಕಡಿಮೆಗೆ ಮಾಡಿಕೊಡ್ತೇವೆ" ಎಂದರೆ ಕರಡನ್ನು ಗಮನವಿಟ್ಟು ಓದಿ. ಅನೌಪಚಾರಿಕ ವಿಸ್ತರಣೆಯಲ್ಲಿ ಹಳೆಯ ಅವಧಿ ಮುಗಿಯುವವರೆಗೆ ಗ್ರೌಂಡ್ ರೆಂಟ್ ಉಳಿಸಿಕೊಳ್ಳಬಹುದು, ವರ್ಷಗಳೂ 90ಕ್ಕಿಂತ ಕಡಿಮೆ ಇರಬಹುದು.

ಬಯಲುಸೀಮೆ

ಕೌನ್ಸಿಲ್ ಬ್ಲಾಕ್ ಅಂದ್ರ ಬ್ಯಾಂಕ್‌ನವ್ರು ಕೇಳೋದು ಬ್ಯಾರೆ ಐತ್ರಿ. ಕಟ್ಟಡ ಇಟ್ಟಂಗಿದೋ, ಕಾಂಕ್ರೀಟ್ ಪ್ಯಾನೆಲ್‌ದೋ? ಬ್ಲಾಕ್‌ನ್ಯಾಗ ಎಷ್ಟು ಫ್ಲ್ಯಾಟ್ ಖಾಸಗಿ ಆಗ್ಯಾವ, ಎಷ್ಟು ಕೌನ್ಸಿಲ್ ಬಾಡಿಗಿಯವು? ಮನಿ ಬಾಗಲಾ ತೆರೆದ ಕಾರಿಡಾರಿಗಿ ಐತೇನು? ಮೂರಕ್ಕೂ ಒಂದೊಂದು ಬ್ಯಾಂಕ್ ಒಂದೊಂದು ರೀತಿ. 1968ರ ಮೇ 16ಕ್ಕ ಲಂಡನ್ನಿನ ನ್ಯೂಹ್ಯಾಮ್‌ನ್ಯಾಗ ರೋನನ್ ಪಾಯಿಂಟ್ ಅನ್ನೋ 22 ಅಂತಸ್ತಿನ ಟವರ್‌ದು ಒಂದು ಮೂಲಿ ಗ್ಯಾಸ್ ಸ್ಫೋಟಕ್ಕ ಕುಸೀತು, 4 ಮಂದಿ ಸತ್ರು. ಅದು ದೊಡ್ಡ ಪ್ಯಾನೆಲ್ ಜೋಡಿಸಿ ಕಟ್ಟಿದ್ದು. ಅವತ್ತಿನಿಂದ ಪ್ಯಾನೆಲ್ ಕಟ್ಟಡ ಅಂದ್ರ ಸ್ಟ್ರಕ್ಚರಲ್ ಎಂಜಿನಿಯರ್ ವರದಿ ಕೇಳ್ತಾರ, ಇಲ್ಲಾಂದ್ರ ಸಾಲನ ಇಲ್ಲ. ನಿಮ್ಮದು ಇಟ್ಟಂಗಿ ಕಟ್ಟಡ ಆದ್ರ ಅರ್ಧ ಚಿಂತಿ ಕಡಿಮಿ.

ಮುಂಗಾರು

ಕೌನ್ಸಿಲ್ ಫ್ಲ್ಯಾಟ್‌ನಲ್ಲಿ ಸರ್ವಿಸ್ ಚಾರ್ಜ್ 1,450 ಅಂತ ನಂಬಬೇಡಿ. ಕೌನ್ಸಿಲ್‌ಗಳು ಸಾಮಾನ್ಯವಾಗಿ ರಿಸರ್ವ್ ಫಂಡ್ ಇಡಲ್ಲ. ಚಾವಣಿ, ಕಿಟಕಿ, ಲಿಫ್ಟ್ ಬದಲಿಸೋ ವರ್ಷ ಹತ್ತಾರು ಸಾವಿರದ ಬಿಲ್ ಒಂದೇ ಸಲ ಬರುತ್ತೆ. ಪುಣ್ಯಕ್ಕೆ ಸೆಕ್ಷನ್ 20 ನೋಟಿಸ್ ಸರಿಯಾಗಿ ಕೊಡದಿದ್ರೆ 250 ಪೌಂಡ್‌ಗಿಂತ ಹೆಚ್ಚು ಕೇಳೋ ಹಾಗಿಲ್ಲ.

ಹೊಸಿಲು

@ಮುಂಗಾರು ಮೊದಲರ್ಧ ಪೂರ್ತಿ ಒಪ್ಪುತ್ತೇನೆ. ಎರಡನೆಯರ್ಧವನ್ನು ನೆಚ್ಚಿಕೊಳ್ಳಬಾರದು. ಸೆಕ್ಷನ್ 20ರ ಪ್ರಕಾರ ಒಬ್ಬ ಲೀಸ್‌ಹೋಲ್ಡರ್‌ಗೆ 250 ಮೀರುವ ಕೆಲಸಕ್ಕೆ ಎರಡು ಹಂತದ ಸಮಾಲೋಚನೆ ಬೇಕು: ಉದ್ದೇಶದ ನೋಟಿಸ್, ಆಮೇಲೆ ಅಂದಾಜುಪಟ್ಟಿ, ತಲಾ 30 ದಿನ. ತಪ್ಪಿದರೆ 250ರ ಮಿತಿ. ಆದರೆ ಫ್ರೀಹೋಲ್ಡರ್ ಟ್ರಿಬ್ಯೂನಲ್‌ಗೆ ಹೋಗಿ ವಿನಾಯಿತಿ ಕೇಳಬಹುದು. 2013ರ ಡೇಜನ್ ವಿರುದ್ಧ ಬೆನ್ಸನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ಇಷ್ಟು: ನೋಟಿಸ್ ತಪ್ಪಿದ್ದರಿಂದ ಲೀಸ್‌ಹೋಲ್ಡರ್‌ಗೆ ನಿಜವಾಗಿ ಏನು ನಷ್ಟವಾಯಿತು ಎಂಬುದೇ ಮುಖ್ಯ. ನಷ್ಟ ತೋರಿಸಲಾಗದಿದ್ದರೆ ವಿನಾಯಿತಿ ಸಿಗುತ್ತದೆ, ಪೂರ್ತಿ ಬಿಲ್ ಕಟ್ಟಬೇಕಾಗುತ್ತದೆ.

ನಿಮ್ಮ ವಕೀಲರು ಕೌನ್ಸಿಲ್‌ನಿಂದ ಎಲ್‌ಪಿಇ1 ಫಾರ್ಮ್ (ಕಟ್ಟಡದ ಲೆಕ್ಕ, ದುರಸ್ತಿ ವಿವರಗಳ ಪ್ರಶ್ನಾವಳಿ) ತರಿಸುತ್ತಾರೆ. ಅದರಲ್ಲಿ ನೋಡಬೇಕಾದ್ದು ಮೂರು ವರ್ಷದ ಲೆಕ್ಕ, ಈ ವರ್ಷದ ಅಂದಾಜು, ಈಗಾಗಲೇ ಕೊಟ್ಟ ಸೆಕ್ಷನ್ 20 ನೋಟಿಸ್‌ಗಳು, ಮುಂದಿನ ಎರಡು ವರ್ಷದಲ್ಲಿ ಯೋಜಿಸಿರುವ ಕೆಲಸ. ಅದರಾಚೆಗೆ ಕೌನ್ಸಿಲ್‌ಗೇ ಇಮೇಲ್ ಮಾಡಿ ಐದು ವರ್ಷದ ದುರಸ್ತಿ ಕಾರ್ಯಕ್ರಮದಲ್ಲಿ ಆ ಬ್ಲಾಕ್ ಹೆಸರಿದೆಯೇ ಕೇಳಿ. ಹಲವು ಕೌನ್ಸಿಲ್‌ಗಳು ಅದನ್ನು ಸಾರ್ವಜನಿಕವಾಗಿ ಪ್ರಕಟಿಸುತ್ತವೆ.

ಕೆಲಸ ಈಗಾಗಲೇ ಘೋಷಣೆಯಾಗಿದ್ದು ಬಿಲ್ ಬಂದಿಲ್ಲದಿದ್ದರೆ, ಮಾರುವವರ ಹಣದಲ್ಲಿ ಒಂದು ಮೊತ್ತವನ್ನು ವಕೀಲರ ಬಳಿ ರಿಟೆನ್ಷನ್ ಆಗಿ ಇಡಿಸಿ. ಇಲ್ಲದಿದ್ದರೆ ಕಂಪ್ಲೀಷನ್ ಮಾರನೇ ದಿನ ಬಂದ ಬಿಲ್ ಕೂಡ ನಿಮ್ಮದೇ.

ಚಿಲಕ

ಬ್ಲಾಕ್ ನೋಡೋಕೆ ಹೋದಾಗ ಹತ್ತು ನಿಮಿಷ ಹೊರಗೆ ನಿಂತು ನೋಡಿ. ಕಾಂಕ್ರೀಟ್ ಅಂಚಿನಲ್ಲಿ ತುಕ್ಕಿನ ಕಲೆ ಇದ್ಯಾ, ಕಬ್ಬಿಣ ಹೊರಗೆ ಕಾಣ್ತಿದ್ಯಾ? ಚಪ್ಪಟೆ ಚಾವಣಿ ಇದ್ರೆ ಮೇಲಿನ ಮಹಡಿ ಮೆಟ್ಟಿಲ ಸೀಲಿಂಗ್‌ನಲ್ಲಿ ತೇವದ ಗುರುತು ಇದ್ಯಾ? ಕಿಟಕಿ ಎಲ್ಲಾ ಒಂದೇ ತರ ಹೊಸದಾಗಿದ್ರೆ ಆ ಖರ್ಚು ಆಗಿಹೋಗಿದೆ ಅಂತ ಲೆಕ್ಕ. ಪಕ್ಕದ ಬ್ಲಾಕ್‌ಗೆ ಸ್ಕ್ಯಾಫೋಲ್ಡಿಂಗ್ ಬಿದ್ದಿದ್ರೆ ಮುಂದಿನ ಸರದಿ ನಿಮ್ಮದು ಇರಬಹುದು.

ದೂರದೂರು

ಎಲ್ಲರೂ ಲೀಸ್ ಅಂತೀರಿ, ತೆರಿಗೆ ಯಾರೂ ಕೇಳಲಿಲ್ಲ. ಮಳೆಬಿಲ್ಲು ಅವರೇ, ಊರಿನಲ್ಲಿ ನಿಮ್ಮ ಹೆಸರಲ್ಲಿ ಅಥವಾ ಸಂಗಾತಿ ಹೆಸರಲ್ಲಿ ಮನೆ ಇದೆಯಾ? ಫಸ್ಟ್ ಟೈಮ್ ಬೈಯರ್ ಅಂದ್ರೆ ಇಡೀ ಜಗತ್ತಿನಲ್ಲಿ ಎಲ್ಲೂ ಮನೆ ಇಲ್ಲದವರು. ಪಿತ್ರಾರ್ಜಿತ ಪಾಲು ಬಂದಿದ್ರೂ ಹೋಯ್ತು.

3 ಲಕ್ಷಕ್ಕೆ ಫಸ್ಟ್ ಟೈಮ್ ಬೈಯರ್ ಸ್ಟ್ಯಾಂಪ್ ಡ್ಯೂಟಿ ಸೊನ್ನೆ. ಆ ರಿಯಾಯಿತಿ ಹೋದ್ರೆ 5,000. ಹೊರಗಿರೋ ಮನೆ ಬೆಲೆ ಅಥವಾ ನಿಮ್ಮ ಪಾಲಿನ ಬೆಲೆ 40,000 ಪೌಂಡ್ ಅಥವಾ ಮೇಲಿದ್ರೆ 5% ಹೆಚ್ಚುವರಿ, ಅಂದ್ರೆ ಒಟ್ಟು 20,000. ಸಂಗಾತಿ ಹೆಸರಲ್ಲಿದ್ರೂ ಈ 5% ಬೀಳುತ್ತೆ, ಒಬ್ಬರ ಹೆಸರಲ್ಲೇ ಕೊಂಡ್ರೆ ತಪ್ಪುತ್ತೆ ಅನ್ನೋದು ಸುಳ್ಳು. ಖಾಲಿ ಸೈಟು, ಹೊಲ ಲೆಕ್ಕಕ್ಕಿಲ್ಲ. ಮನೆ ಕಟ್ಟೋಕೆ ಶುರು ಮಾಡಿದ್ರೆ ಲೆಕ್ಕಕ್ಕಿದೆ.

ಲೈಫ್‌ಟೈಮ್ ಐಸಾಗೂ (ಮೊದಲ ಮನೆಗೆ ಸರ್ಕಾರ ಬೋನಸ್ ಕೊಡೋ ಉಳಿತಾಯ ಖಾತೆ) ಅದೇ ನಿಯಮ. ಖಾತೆಗೆ ಮೊದಲ ಸಲ ದುಡ್ಡು ಹಾಕಿ 12 ತಿಂಗಳು ಆಗಿರಬೇಕು, ಮನೆ ಬೆಲೆ 4,50,000 ದಾಟಬಾರದು. ನಿಯಮಕ್ಕೆ ಹೊರಗೆ ತೆಗೆದ್ರೆ 25% ದಂಡ, ನೀವು ಹಾಕಿದ ದುಡ್ಡಿನಲ್ಲೂ ಒಂದಷ್ಟು ಹೋಗುತ್ತೆ.

ಮಳೆಬಿಲ್ಲು

ಇಬ್ಬರ ಹೆಸರಲ್ಲೂ ಮನೆ ಇಲ್ಲ, ಒಂದು ಖಾಲಿ ಸೈಟ್ ಇದೆ. ಹಾಗಾದ್ರೆ ಪರವಾಗಿಲ್ಲ.

ದೂರದೂರು

ಆ ಸೈಟ್ ಪತ್ರದ ಪ್ರತಿ ವಕೀಲರಿಗೆ ಕೊಟ್ಟಿಡಿ, ಖಾಲಿ ಅಂತ ಬರವಣಿಗೆಯಲ್ಲಿ ಹೇಳಿ.

ಗುಬ್ಬಿಗೂಡು

ಸ್ವಲ್ಪ ವಿಷಯಾಂತರ. ಲೀಸ್‌ಹೋಲ್ಡ್ ಫ್ಲ್ಯಾಟ್‌ನಲ್ಲಿ ಗೃಹಪ್ರವೇಶಕ್ಕೆ ಹೋಮ ಮಾಡಬಹುದಾ? ಬಾಗಿಲಿಗೆ ತೋರಣದ ಮೊಳೆ?

ಚಿಲಕ

ಮೊಳೆ ಬೇಡ. ಫ್ಲ್ಯಾಟ್‌ನ ಮುಂಬಾಗಿಲು ಸಾಮಾನ್ಯವಾಗಿ ಎಫ್‌ಡಿ30, ಅರ್ಧ ಗಂಟೆ ಬೆಂಕಿ ತಡೆಯೋ ಬಾಗಿಲು. ತೂತು ಕೊರೆದ್ರೆ, ತಾನಾಗಿ ಮುಚ್ಚೋ ಕ್ಲೋಸರ್ ಬಿಚ್ಚಿದ್ರೆ ಅದು ಕೆಡುತ್ತೆ. 11 ಮೀಟರ್ ಮೀರಿದ ಕಟ್ಟಡಗಳಲ್ಲಿ 2023ರ ಜನವರಿಯಿಂದ ಪ್ರತಿ ಮನೆ ಬಾಗಿಲನ್ನ ವರ್ಷಕ್ಕೊಮ್ಮೆ ತಪಾಸಣೆ ಮಾಡಬೇಕು ಅಂತ ನಿಯಮ ಇದೆ, ಹಾಳಾಗಿದ್ರೆ ಬದಲಿಸೋ ಖರ್ಚು ನಿಮ್ಮ ತಲೆಗೆ ಬರಬಹುದು. ಬಹಳ ಲೀಸ್‌ಗಳಲ್ಲಿ ಬಾಗಿಲಿನ ಹೊರಮೈ ಫ್ರೀಹೋಲ್ಡರ್‌ದೇ. ಅಂಟಿಸೋ ಹುಕ್‌ನಲ್ಲಿ ಒಳಬದಿಗೆ ಕಟ್ಟಿ. ಹೊರಗಿನ ಕಾರಿಡಾರ್‌ನಲ್ಲಿ ಚಪ್ಪಲಿ ಸ್ಟ್ಯಾಂಡ್, ತುಳಸಿ ಕುಂಡ, ಒಂದೂ ಇಡಬೇಡಿ. ಅದು ತಪ್ಪಿಸಿಕೊಳ್ಳೋ ದಾರಿ.

ಹೋಮಕ್ಕೆ ಸ್ಮೋಕ್ ಅಲಾರಂ ಮುಚ್ಚೋದು, ಬಿಚ್ಚೋದು ಖಂಡಿತ ಬೇಡ. ದೀಪ ಹಚ್ಚಿ ಪೂಜೆ ಮಾಡಿ, ಹೋಮ ದೇವಸ್ಥಾನದಲ್ಲಿ ಮಾಡಿಸಿ.

ಕಡಲಕರೆ

ಮರದ ನೆಲವೂ ನೋಡಿ. ಕಾರ್ಪೆಟ್ ಇರ್ಲೇಬೇಕು ಅಂತ ಷರತ್ತು ಹಳೇ ಲೀಸ್‌ಗಳಲ್ಲಿ ಉಂಟು. ಮಾರುವವರು ಅನುಮತಿ ಇಲ್ಲದೆ ಕಾರ್ಪೆಟ್ ತೆಗೆದು ಮರ ಹಾಕಿದ್ರೆ ಕೆಳಗಿನವರ ದೂರು ನಿಮಗೇ ಬರುದು. ಗೋಡೆ ಒಡೆದು ಅಡುಗೆಮನೆ ದೊಡ್ಡದು ಮಾಡಿದ್ರೆ ಫ್ರೀಹೋಲ್ಡರ್‌ನ ಲೈಸೆನ್ಸ್ ಟು ಆಲ್ಟರ್, ಕೌನ್ಸಿಲ್‌ನ ಬಿಲ್ಡಿಂಗ್ ರೆಗ್ಯುಲೇಷನ್ಸ್ ಪತ್ರ, ಎರಡೂ ಬೇಕು. ಒಂದಿದ್ರೆ ಸಾಲದು.

ಮಳೆಬಿಲ್ಲು

ಎಲ್ಲ ಬರೆದುಕೊಂಡೆ. ಎರಡನೇದು ಬಿಟ್ಟೆವು. ಒಂದನೇದಕ್ಕೆ ವಿಸ್ತರಣೆ ಖರ್ಚು ಕಳೆದು ಆಫರ್, ಬ್ಲಾಕ್ ಇಟ್ಟಿಗೆದೇ ಅಂತ ಸರ್ವೇಯರ್ ಖಚಿತಪಡಿಸಬೇಕು. ಮೂರನೇದಕ್ಕೆ 999 ವರ್ಷದ ಲೀಸ್ ಮಾಡಿಸಿಕೊಡ್ತಾರಾ ಅಂತ ಏಜೆಂಟ್‌ಗೆ ಬರೆದಿದ್ದೀವಿ. ಒಂದು ಪ್ರಶ್ನೆ: ಎಲ್‌ಪಿಇ1 ಫಾರ್ಮ್‌ಗೆ ದುಡ್ಡು ಯಾರು ಕಟ್ಟೋದು?

ಹೊಸಿಲು

ಮಾರುವವರು. ಆಫರ್ ಒಪ್ಪಿದ ದಿನವೇ ಆರ್ಡರ್ ಮಾಡಲು ಏಜೆಂಟ್ ಮೂಲಕ ಒತ್ತಾಯಿಸಿ, ಈ ಫಾರ್ಮ್ ಬರಲು ವಾರಗಳೇ ಹಿಡಿಯುವುದುಂಟು. ಅದು ಬಂದು ಓದುವವರೆಗೆ ಲೆವೆಲ್ 3 ಸರ್ವೇಗೆ ದುಡ್ಡು ಸುರಿಯಬೇಡಿ.

ಬಯಲುಸೀಮೆ

ಮೂರನೇದು ಬರೇ ಮೂರು ಮನಿದು, ಅಲ್ಲಿ ಮ್ಯಾನೇಜಿಂಗ್ ಏಜೆಂಟನ ಇರಂಗಿಲ್ಲ. ಎಲ್‌ಪಿಇ1 ಆ ಮಾಲೀಕರ ಕೂತು ತುಂಬಬೇಕು. ಯಾರು ತುಂಬ್ತಾರ, ಎಷ್ಟು ದಿನದಾಗ ಕೊಡ್ತಾರ ಅಂತ ಇವತ್ತ ಕೇಳ್ರಿ.